ಕಿರ್ದಿಗೆ ಬಿತ್ತು, ಖತಾವಣಿ ಆಗಿಲ್ಲ

ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ ಮೇಲೆ ಲಿಮಿಟ್ ವಾಪಸ್ ಬರೋದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಆಫೀಸಿನಲ್ಲಿ ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ. ಖಾತೆಯಿಂದ ದುಡ್ಡು ಹೋಗಿದೆ, ಧನ್ಯವಾದ ಅಂತ ಮೆಸೇಜೂ ಬಂದಿದೆ, ಆದರೆ ಆ್ಯಪ್ ತೆಗೆದು ನೋಡಿದರೆ ಲಿಮಿಟ್ ನಿನ್ನೆ ಎಷ್ಟಿತ್ತೋ ಅಷ್ಟೇ. ಹಾಗಾದರೆ ಕಟ್ಟಿದ ದುಡ್ಡು ಎಲ್ಲಿ ಹೋಯ್ತು?

ನನ್ನ ಬಾಯಿಗೆ ಬರೋ ಉತ್ತರ ನಮ್ಮೂರಿನದು: "ಕಿರ್ದಿಗೆ ಬಿದ್ದದ, ಖತಾವಣಿ ಆಗಿಲ್ಲ." ಬೆಂಗಳೂರಲ್ಲೇ ಹುಟ್ಟಿ ಬೆಳೆದವರು ಇದನ್ನು ಕೇಳಿ ಕಣ್ಣು ಕಣ್ಣು ಬಿಡುತ್ತಾರೆ. ಆದರೆ ವಿಷಯ ಪೂರ್ತಿ ಇರೋದು ಆ ಎರಡು ಪದಗಳಲ್ಲೇ. ಕಾರ್ಡು ಬರೋದಕ್ಕಿಂತ ಎಷ್ಟೋ ಮೊದಲೇ ನಮ್ಮ ಕಡೆ ಜನ ಇದೇ ಪ್ರಶ್ನೆ ಕೇಳುತ್ತಿದ್ದರು. ಸಾಲ ಇದ್ದಲ್ಲೆಲ್ಲ ಈ ಪ್ರಶ್ನೆ ಇದೆ: ಹಳೇದು ತೀರಿಸಿದೆ, ಹೊಸದು ಯಾವಾಗ ಕೊಡ್ತೀರಿ?

ನಮ್ಮ ಬಳಿಚಕ್ರ ಯಾದಗಿರಿ ತಾಲ್ಲೂಕಿನ ಹೋಬಳಿ ಊರು. ಮಳೆ ನೆಚ್ಚಿಕೊಂಡ ಹೊಲಗಳು. ತೊಗರಿ, ಶೇಂಗಾ, ಜೋಳ, ಹತ್ತಿ. ದುಡ್ಡು ವರ್ಷದಲ್ಲಿ ಒಂದೋ ಎರಡೋ ಸಲ ಕಾಣೋದು, ಖರ್ಚು ಮಾತ್ರ ದಿನಾ. ಆ ನಡುವಿನ ತಿಂಗಳುಗಳು ಉದ್ರಿಯ ಮೇಲೆ ನಡೆಯುತ್ತವೆ. ಕಿರಾಣಿ ಅಂಗಡಿಯಲ್ಲಿ ಎರಡು ಥರದ ಪುಸ್ತಕ ಇರುತ್ತಿದ್ದವು. ಕಿರ್ದಿ ಅಂದ್ರೆ ಅವತ್ತಿನ ವ್ಯವಹಾರ ಆದಂತೆಲ್ಲ ಒಂದರ ಕೆಳಗೊಂದು ಗೀಚುತ್ತಾ ಹೋಗುವ ದಿನವಹಿ. ಖತಾವಣಿ ಅಂದ್ರೆ ರಾತ್ರಿಯೋ ವಾರಕ್ಕೊಮ್ಮೆಯೋ ಪುರುಸೊತ್ತಲ್ಲಿ ಕೂತು ಆ ಸಾಲುಗಳನ್ನೆಲ್ಲ ಒಬ್ಬೊಬ್ಬರ ಹೆಸರಿನ ಪುಟಕ್ಕೆ ಎತ್ತಿ ಬರೆಯೋ ಕೆಲಸ. ನಿಮ್ಮ ಬಾಕಿ ಎಷ್ಟು ಅನ್ನೋ ಕೊನೆಯ ಮಾತು ಖತಾವಣಿಯದ್ದು. ಆದರೆ ನೀವು ದುಡ್ಡು ಕೊಟ್ಟ ಕ್ಷಣಕ್ಕೆ ಸಾಕ್ಷಿ ಕಿರ್ದಿ.

ತಮಾಷೆ ಏನಂದ್ರೆ, ಅಂಗಡಿಯಲ್ಲಿ ಲಿಮಿಟ್ ವಾಪಸ್ ಬರೋದಕ್ಕೆ ಖತಾವಣಿ ಆಗುವವರೆಗೆ ಯಾರೂ ಕಾಯುತ್ತಿರಲಿಲ್ಲ.

"ಸಾವ್ಕಾರ್ರ, ಐನೂರು ಜಮಾ ಹಿಡ್ಕೊಳ್ರಿ."

"ಹಿಡ್ದೀನಿ. ಏನ್ ಬೇಕು ಹೇಳು."

ಅಷ್ಟೇ. ಎರಡು ಮಾತಿನ ನಡುವೆ ಲಿಮಿಟ್ ವಾಪಸ್. ಇಷ್ಟು ಬೇಗ ಹೇಗೆ ಅಂದ್ರೆ, ನೋಟು ಎಣಿಸಿಕೊಳ್ಳುವವ, ಪುಸ್ತಕ ಬರೆಯುವವ, ಮತ್ತೆ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವ, ಮೂರೂ ಒಬ್ಬನೇ. ದುಡ್ಡು ಕೈಯಲ್ಲಿದೆ, ಚೆಕ್ ಬೌನ್ಸ್ ಆಗೋ ಭಯ ಇಲ್ಲ, ಎದುರಿಗೆ ನಿಂತವನ ಮುತ್ಯಾನ ಕಾಲದಿಂದ ಪರಿಚಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಡೀ ಸಿಸ್ಟಮ್ಮು ಒಂದೇ ಸರ್ವರ್ ಮೇಲೆ ಓಡುತ್ತಿತ್ತು, ಆ ಸರ್ವರ್ ಅಂಗಡಿಯವನ ತಲೆ.

ಹಾಗಂತ ಅದು ಒಳ್ಳೆಯ ಕಾಲ ಅಂತ ನಾನು ಹೇಳೋದಿಲ್ಲ. ಆ ತಲೆಯಲ್ಲಿ ಯಾರ ಲಿಮಿಟ್ ಎಷ್ಟು ಅನ್ನೋದನ್ನು ಹೊಲ, ಜಾತಿ, ಹಿಂದಿನ ಜಗಳ ಎಲ್ಲ ಸೇರಿ ತೀರ್ಮಾನಿಸುತ್ತಿದ್ದವು. ರಸೀದಿ ಇಲ್ಲ. ಓದು ಬಾರದವನಿಗೆ ತನ್ನ ಪುಟದಲ್ಲಿ ಏನು ಬರೆದಿದೆ ಅಂತ ತಿಳಿಯೋ ದಾರಿಯೂ ಇಲ್ಲ. ಕೆಲವರ ಹೆಸರಿಗೆ ಪುಟವೇ ಇರುತ್ತಿರಲಿಲ್ಲ. ಬೇಗ ಆಗುತ್ತಿತ್ತು ನಿಜ. ಅದರ ಲೆಕ್ಕ ಕೇಳೋ ಹಕ್ಕು ಮಾತ್ರ ಒಂದೇ ಕಡೆಗಿತ್ತು.

ಅಂಗಡಿಗಿಂತ ದೊಡ್ಡ ಲೆಕ್ಕ ಯಾದಗಿರಿ ಗಂಜ್‌ನ ಅಡತಿ ಅಂಗಡಿಗಳದು. ಬಿತ್ತೋ ಮುಂಚೆ ಅಡತಿಯವನ ಹತ್ತಿರ ಮುಂಗಡ, ರಾಶಿ ಆದ ಮೇಲೆ ಮಾಲು ಅದೇ ಅಂಗಡಿಗೆ. ಮಾರಿದ ಪಟ್ಟಿಯಲ್ಲೇ ಹಳೆ ಬಾಕಿ, ಬಡ್ಡಿ, ಹಮಾಲಿ ಎಲ್ಲ ಕಳೆದು ಉಳಿದದ್ದು ಕೈಗೆ. ಉಳಿಯದಿದ್ದರೆ ಹೊಸ ಮುಂಗಡ. ಇಲ್ಲೂ ಲಿಮಿಟ್ ವಾಪಸ್ ಬರೋದು ಆ ದಿನವೇ. ಆದರೆ ಮಾಲನ್ನು ಬೇರೆ ಅಂಗಡಿಗೆ ಒಯ್ಯೋ ಸ್ವಾತಂತ್ರ್ಯ ಅದರ ಜೊತೆಗೇ ಹೋಗಿರುತ್ತೆ.

1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬಾಕಿ, ವಸೂಲಿ, ಜಾಮೀನು, ಕಿಸ್ತು: ನಮ್ಮ ಸಾಲದ ಶಬ್ದಕೋಶದಲ್ಲಿ ಅರ್ಧದಷ್ಟು ಪದಗಳ ಮೇಲೆ ಆ ಆಡಳಿತದ ಉರ್ದುವಿನ ಗುರುತಿದೆ. ಇಎಂಐ ಅನ್ನೋದನ್ನು ಊರಲ್ಲಿ ಈಗಲೂ ಕಿಸ್ತು ಅಂತಲೇ ಕರೆಯೋದು. ಆಗ ದುಡ್ಡಿನಲ್ಲೂ ಎರಡು ಥರ ಇದ್ದವು, ನಿಜಾಮರ ಹಾಲಿ ಸಿಕ್ಕಾ ಮತ್ತು ಬ್ರಿಟಿಷರ ಕಲ್ದಾರ್ ರೂಪಾಯಿ. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ್. 1871ರಲ್ಲಿ ಮುಂಬಯಿ–ಮದ್ರಾಸ್ ರೈಲು ದಾರಿ ಯಾದಗಿರಿ ಮೇಲೆ ರಾಯಚೂರಿಗೆ ಮುಟ್ಟಿದ ಮೇಲೆ ಹೊರಗಿನ ವ್ಯಾಪಾರಿಗಳ ಕಲ್ದಾರ್ ಒಳಗೆ ಬರೋದೂ ಸಲೀಸಾಯ್ತು. ಅಂದ್ರೆ "ಕಟ್ಟಿದೆ" ಅಂದರೆ ಸಾಲದು, ಯಾವ ರೂಪಾಯಿಯಲ್ಲಿ ಕಟ್ಟಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತಿತ್ತು. ಹಾಲಿ ಸಿಕ್ಕಾ ಚಲಾವಣೆಯಿಂದ ಹೋಗಿದ್ದು 1950ರ ದಶಕದಲ್ಲಿ.

ಸಾವುಕಾರನ ಪುಸ್ತಕಕ್ಕೆ ಬದಲಿಯಾಗಿ ಬಂದದ್ದು ಸಹಕಾರ ಸಂಘ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲನೆಯದು ಅಂತ ಹೆಸರಾಗಿದೆ. ಅದು ಮುಂಬಯಿ ಪ್ರಾಂತ್ಯದ ಸೀಮೆ. ಹೈದರಾಬಾದ್ ಸಂಸ್ಥಾನಕ್ಕೆ ಅಂಥದ್ದೇ ಕಾನೂನು ಬಂದಿದ್ದು 1914ರಲ್ಲಿ. ಕಾನೂನು ಬಂತು ಅಂತ ಸಾವುಕಾರ ಹೋಗಲಿಲ್ಲ. ರಿಸರ್ವ್ ಬ್ಯಾಂಕು 1951–52ರಲ್ಲಿ ದೇಶಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. ಗೋರ್ವಾಲಾ ಸಮಿತಿ 1954ರಲ್ಲಿ ವರದಿ ಕೊಟ್ಟಿತು. ರೈತರು ತೆಗೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರ ಆಸುಪಾಸು, ಬಡ್ಡಿ ವ್ಯಾಪಾರಿಗಳದು ಎಪ್ಪತ್ತರ ಹತ್ತಿರ. ಐವತ್ತು ವರ್ಷದ ಚಳವಳಿಯ ಫಲ ಮೂರು ಅಂದ್ರೆ ಯಾರಿಗಾದರೂ ಬೇಜಾರಾಗುತ್ತೆ. ಇದಕ್ಕೆ ಕಾರಣ ನೂರೆಂಟು. ನನ್ನ ಕಣ್ಣಿಗೆ ಬೀಳೋದು ಒಂದು: ಸಂಘದಲ್ಲಿ ದುಡ್ಡು ತೆಗೆದುಕೊಳ್ಳುವವನು ಒಬ್ಬ, ಮಂಜೂರು ಮಾಡೋದು ಆಡಳಿತ ಮಂಡಳಿ, ದುಡ್ಡು ಕೊಡೋದು ಮೇಲಿನ ಬ್ಯಾಂಕು. ಅಂಗಡಿಯಲ್ಲಿ ಒಂದೇ ತಲೆಯಲ್ಲಿದ್ದ ಮೂರು ಕೆಲಸ ಇಲ್ಲಿ ಮೂರು ಕಡೆ. ನಡುವೆ ಕಾಗದ ಓಡಾಡಬೇಕು. ಕಾಗದ ಓಡಾಡುವ ಅಷ್ಟೂ ದಿನ ರೈತನಿಗೆ ಹಳೆ ಸಾಲವೂ ಇಲ್ಲ, ಹೊಸ ಸಾಲವೂ ಇಲ್ಲ. ಬಿತ್ತನೆ ಮಾತ್ರ ಕಾಯೋದಿಲ್ಲ.

ಈ ಮೂರು ಕೆಲಸ ಬೇರೆಯಾಗೋ ಸಮಸ್ಯೆ ಕಾರ್ಡಿನ ಲೋಕಕ್ಕೂ ಬಂತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ಬಿನಲ್ಲಿ ತಿಂಗಳ ಲೆಕ್ಕ ತಿಂಗಳಿಗೆ ಪೂರ್ತಿ ತೀರಿಸಬೇಕಿತ್ತು. ತೀರಿಸಿ ಮತ್ತೆ ತಗೋ, ಪೂರ್ತಿ ತೀರಿಸದಿದ್ದರೂ ಅಡ್ಡಿಯಿಲ್ಲ ಅನ್ನೋ ಸುತ್ತುವ ಸಾಲ ದೊಡ್ಡ ಮಟ್ಟಕ್ಕೆ ಬೆಳೆದದ್ದು 1958ರಲ್ಲಿ, ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ ಅಂಚೆ ಮೂಲಕ ಸುಮಾರು 60,000 ಕಾರ್ಡ್ ಹಂಚಿದಾಗ. ಆಗ ಅಂಗಡಿಯವನಿಗೆ ನಿಮ್ಮ ಲಿಮಿಟ್ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಇಂತಿಷ್ಟರ ಒಳಗಿನ ಖರೀದಿ ಆದ್ರೆ ಕೇಳದೇ ಕೊಡು, ಮೀರಿದರೆ ಬ್ಯಾಂಕಿಗೆ ಫೋನ್ ಮಾಡು. ಚೀಟಿಗಳು ಅಂಚೆಯಲ್ಲಿ ಹೋಗಿ ಖಾತೆಗೆ ಏರುವಾಗ ದಿನಗಳು ಕಳೆದಿರುತ್ತಿದ್ದವು. ಕಟ್ಟಿದ ಚೆಕ್ಕಿನ ಕತೆಯೂ ಅಷ್ಟೇ.

1973ರಲ್ಲಿ, ಮುಂದೆ ವೀಸಾ ಅಂತ ಹೆಸರಾದ ಕಂಪನಿ, ಡೀ ಹಾಕ್ ಮುಂದಾಳತ್ವದಲ್ಲಿ ಬೇಸ್-1 ಅನ್ನೋ ಕಂಪ್ಯೂಟರ್ ಜಾಲ ತಂತು. ಖರೀದಿಗೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಅಂತ ನಿಂತ ಕಾಲಲ್ಲೇ ಹೇಳೋದು ಅದರ ಕೆಲಸ. ಮರುವರ್ಷ ಬೇಸ್-2 ಬಂತು. ದಿನದ ಲೆಕ್ಕವನ್ನೆಲ್ಲ ಒಟ್ಟು ಮಾಡಿ ಬ್ಯಾಂಕು ಬ್ಯಾಂಕುಗಳ ನಡುವೆ ಚುಕ್ತಾ ಮಾಡೋದು ಅದರ ಕೆಲಸ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಬೇಸ್-1 ಅಂದ್ರೆ ಕಿರ್ದಿ, ಬೇಸ್-2 ಅಂದ್ರೆ ಖತಾವಣಿ! ಇವತ್ತಿಗೂ ಕಾರ್ಡ್ ವ್ಯವಸ್ಥೆಯಲ್ಲಿ ಈ ಎರಡು ಬೇರೆಬೇರೆಯೇ. ಖರೀದಿಯ ಕ್ಷಣಕ್ಕೆ ಲಿಮಿಟ್ ನೋಡಿ ಉತ್ತರ ಕೊಡೋ ಭಾಗ ಒಂದು, ಬಾಕಿ, ಬಡ್ಡಿ, ಬಿಲ್ಲು ಲೆಕ್ಕ ಹಾಕೋ ಭಾಗ ಇನ್ನೊಂದು. ಎಷ್ಟೋ ಬ್ಯಾಂಕುಗಳಲ್ಲಿ ಎರಡನೆಯದು ರಾತ್ರಿ ಕೂತು ಬರೆಯುವ ಹಳೇ ಅಭ್ಯಾಸವನ್ನು ಬಿಟ್ಟಿಲ್ಲ. ಅದನ್ನು ಬ್ಯಾಚ್ ಅಂತಾರೆ, ಅಷ್ಟೇ.

ನಮ್ಮ ದೇಶದಲ್ಲಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಶುರುವಾದದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಿಂದ. ಐಟಿಯ ಮೊದಲ ಅಲೆಯಲ್ಲಿ ಬೆಂಗಳೂರಿಗೆ ಬಂದ ಹಿರಿಯರಿಗೆ ಎಟಿಎಂ ಕೋಣೆಯ ಡ್ರಾಪ್ ಬಾಕ್ಸ್ ನೆನಪಿರಬೇಕು. ಚೆಕ್ಕಿನ ಮೇಲೆ ಕಾರ್ಡ್ ನಂಬರ್ ಬರೆದು ಡಬ್ಬಿಗೆ ಹಾಕಬೇಕು. ಅದನ್ನು ಒಬ್ಬ ಬಂದು ಎತ್ತಬೇಕು, ಕ್ಲಿಯರಿಂಗಿಗೆ ಹೋಗಬೇಕು, ನಿಮ್ಮ ಬ್ಯಾಂಕು ಹೂಂ ಅನ್ನಬೇಕು. ಶನಿವಾರ ಹಾಕಿದರೆ ಬುಧವಾರ ಲಿಮಿಟ್ ಬಂದರೆ ಪುಣ್ಯ. ಆ ಕಾಯುವಿಕೆಗೆ ಒಂದು ಅರ್ಥ ಇತ್ತು. ಚೆಕ್ಕು ಬೌನ್ಸ್ ಆದ್ರೆ ಬ್ಯಾಂಕು ಎರಡು ಸಲ ಮುಳುಗುತ್ತೆ, ಹಳೆ ಬಾಕಿಯೂ ಬರಲಿಲ್ಲ, ವಾಪಸ್ ಕೊಟ್ಟ ಲಿಮಿಟ್ಟಿನ ಮೇಲೆ ಹೊಸ ಖರೀದಿಯೂ ಆಗಿಹೋಯ್ತು.

ಆಮೇಲೆ ಅಂತರ ಕುಗ್ಗುತ್ತಾ ಬಂತು. 2005ರ ನವೆಂಬರ್‌ನಲ್ಲಿ ನೆಫ್ಟ್. ಮೊದಮೊದಲು ಕೆಲಸದ ದಿನ, ಕೆಲಸದ ಹೊತ್ತು ಮಾತ್ರ. 2010ರಲ್ಲಿ ಐಎಂಪಿಎಸ್, 2016ರ ಏಪ್ರಿಲ್‌ನಲ್ಲಿ ಯುಪಿಐ. 2019ರ ಡಿಸೆಂಬರ್ 16ರಿಂದ ನೆಫ್ಟ್ ಕೂಡ ಹಗಲು ರಾತ್ರಿ, ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್. 2024ರ ಜೂನ್ ಕೊನೆಯ ಹೊತ್ತಿಗೆ, ಆ್ಯಪ್‌ಗಳ ಮೂಲಕ ಕಟ್ಟುವ ಕಾರ್ಡ್ ಬಿಲ್ಲುಗಳು ಭಾರತ್ ಬಿಲ್ ಪಾವತಿ ವ್ಯವಸ್ಥೆಯ ಮೂಲಕವೇ ಹಾಯಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು.

ಹಾಗಾದ್ರೆ ದುಡ್ಡು ಕ್ಷಣದಲ್ಲಿ ಓಡುವಾಗ ಲಿಮಿಟ್ ಯಾಕೆ ಓಡೋದಿಲ್ಲ? ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆಯೂ ಇದ್ದು, ಅಲ್ಲಿಂದ ಕಟ್ಟಿದರೆ ಸಾಮಾನ್ಯವಾಗಿ ನಿಮಿಷಗಳಲ್ಲಿ ಬರುತ್ತೆ. ಎರಡೂ ಪುಸ್ತಕ ಒಂದೇ ಮನೆಯಲ್ಲಿವೆ, ಹಳೇ ಕಿರಾಣಿ ಅಂಗಡಿಯ ಥರ. ಬೇರೆ ಆ್ಯಪಿನಿಂದ ಕಟ್ಟಿದರೆ ನಡುವೆ ಎರಡು ಮೂರು ಕೈ ದಾಟಬೇಕು. "ಯಶಸ್ವಿ" ಅನ್ನೋ ಹಸಿರು ಟಿಕ್ ಮೊದಲ ಕೈಯದ್ದು, ಕೊನೆಯ ಕೈಯದ್ದಲ್ಲ. ಕೆಲವು ನಿಮಿಷ ಆಗಬಹುದು, ಒಂದೆರಡು ಕೆಲಸದ ದಿನವೂ ಆಗಬಹುದು. ಯುಪಿಐನಲ್ಲೂ ನಮಗೆ ಕಾಣೋದು ಕ್ಷಣದ ಲೆಕ್ಕ, ಬ್ಯಾಂಕುಗಳು ತಮ್ಮತಮ್ಮಲ್ಲಿ ಚುಕ್ತಾ ಮಾಡಿಕೊಳ್ಳೋದು ದಿನದಲ್ಲಿ ಕೆಲವು ಸರದಿಗಳಲ್ಲಿ. ಇನ್ನೊಂದು ಕಾರಣವನ್ನು ಬ್ಯಾಂಕಿನವರು ಜೋರಾಗಿ ಹೇಳೋದಿಲ್ಲ. ಒಂದೇ ತಿಂಗಳಲ್ಲಿ ಲಿಮಿಟ್ ಪೂರ್ತಿ ಬಳಸಿ, ಕಟ್ಟಿ, ಮತ್ತೆ ಪೂರ್ತಿ ಬಳಸಿದರೆ, ಅಥವಾ ಯಾವತ್ತೂ ಇಲ್ಲದ ದೊಡ್ಡ ಮೊತ್ತ ಏಕಾಏಕಿ ಬಂದರೆ, ಅವರ ಸಿಸ್ಟಮ್ಮು ಅನುಮಾನದಿಂದ ಲಿಮಿಟ್ ಹಿಡಿದಿಡಬಹುದು. ಕದ್ದ ಖಾತೆಯಿಂದ ಬಿಲ್ ಕಟ್ಟಿ, ಲಿಮಿಟ್ ಬಂದ ತಕ್ಷಣ ಚಿನ್ನ ಕೊಂಡು ಮಾಯವಾಗೋ ಆಟ ಹಳೆಯದು. ಈ ನಡುವಿನ ಅಂತರವನ್ನು ನಿಯಮಗಳೂ ಒಪ್ಪಿಕೊಂಡಿವೆ. ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದ ಪ್ರಕಾರ ಕೊನೆಯ ದಿನಾಂಕ ಕಳೆದು ಮೂರು ದಿನಕ್ಕಿಂತ ಹೆಚ್ಚಾದ ಮೇಲೆ ಮಾತ್ರ ತಡದ ದಂಡ ಹಾಕಬಹುದು, ಬಾಕಿದಾರ ಅಂತ ವರದಿ ಮಾಡಬಹುದು.

ಸಂಬಳ ಬರೋ ನಮಗೆ ಒಂದೆರಡು ದಿನ ಅಂದ್ರೆ ಕಿರಿಕಿರಿ, ಅಷ್ಟೇ. ಇನ್ನೊಂದು ಕಾರ್ಡ್ ಇರುತ್ತೆ, ಇಲ್ಲಾ ಗೆಳೆಯನ ಹತ್ತಿರ ಕೇಳಬಹುದು. ಆದರೆ ನಮ್ಮೂರಲ್ಲೂ ಒಂದು ಕ್ರೆಡಿಟ್ ಕಾರ್ಡ್ ಇದೆ, ನಮ್ಮ ಆಫೀಸಿನಲ್ಲಿ ಅದರ ಸುದ್ದಿ ಯಾರೂ ಎತ್ತೋದಿಲ್ಲ. ಅದರಲ್ಲಿ ಈ ಅಂತರದ ಬೆಲೆಯೇ ಬೇರೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಬಂದಿದ್ದು 1998ರಲ್ಲಿ. ಆರ್.ವಿ. ಗುಪ್ತಾ ಸಮಿತಿ ಶಿಫಾರಸು ಮಾಡಿತ್ತು, ಹಣಕಾಸು ಮಂತ್ರಿ ಯಶವಂತ ಸಿನ್ಹಾ ಬಜೆಟ್‌ನಲ್ಲಿ ಘೋಷಿಸಿದರು, ನಬಾರ್ಡ್ ಮಾದರಿ ಯೋಜನೆ ರೂಪಿಸಿತು. ಅದರ ನಿಯಮ ಓದಿದರೆ ನಿಮ್ಮ ಜೇಬಿನ ಕಾರ್ಡಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಲಿಮಿಟ್, ಅದರೊಳಗೆ ಬೇಕಾದಾಗ ತೆಗಿ, ಬೇಕಾದಾಗ ಕಟ್ಟು, ಎಷ್ಟು ಸಲ ಅನ್ನೋ ಲೆಕ್ಕ ಇಲ್ಲ. ತೆಗೆದ ಯಾವ ಮೊತ್ತವೂ ಹನ್ನೆರಡು ತಿಂಗಳು ಮೀರಿ ಉಳಿಯಬಾರದು ಅಂತ ಇತ್ತು. ಆದರೆ ಖಾತೆಯನ್ನು ಯಾವತ್ತೂ ಸೊನ್ನೆಗೆ ತರಬೇಕಾಗಿಲ್ಲ ಅಂತಲೂ ರಿಸರ್ವ್ ಬ್ಯಾಂಕ್ ಬರೆದಿತ್ತು. 2012ರ ಪರಿಷ್ಕರಣೆಯಲ್ಲಿ ರೂಪೇ, ಎಟಿಎಂ ಎಲ್ಲ ಸೇರಿದವು.

ಕಾಗದದ ಮೇಲೆ ಚೆಂದ. ನೆಲದ ಮೇಲೆ ಅದು ವರ್ಷಕ್ಕೊಂದು ಸಲ ತೆಗೆದು ಒಂದು ಸಲ ಕಟ್ಟುವ ಹಳೇ ಬೆಳೆಸಾಲವಾಗಿಯೇ ಉಳಿಯಿತು. "ಸಾಲ ಹೊಸದು ಮಾಡಿಸೋದು" ಅಂತಾರೆ ನಮ್ಮ ಕಡೆ. ಅಸಲು, ಬಡ್ಡಿ ಪೂರ್ತಿ ಕಟ್ಟು, ಸಹಿ ಮಾಡು, ಪಹಣಿ ಕೊಡು, ಆಮೇಲೆ ಮತ್ತೆ ತಗೋ. ಕಾರ್ಡಿನಲ್ಲಿ ತಾನಾಗಿ ಆಗಬೇಕಾದದ್ದು ಇಲ್ಲಿ ಮತ್ತೊಂದು ಅರ್ಜಿ. ಸಹಕಾರ ಸಂಘದ ಸಾಲವಾದರೆ ದುಡ್ಡು ಸಂಘದಿಂದ ಜಿಲ್ಲಾ ಬ್ಯಾಂಕಿಗೆ ಏರಿ, ಅಲ್ಲಿಂದ ಮಂಜೂರಾಗಿ ಇಳಿಯಬೇಕು.

ವಾಯಿದೆಯೊಳಗೆ ಕಟ್ಟಿದವರಿಗೆ ಸರ್ಕಾರದ ಉಡುಗೊರೆ ಇದೆ. ಕೇಂದ್ರದ ಯೋಜನೆಯಲ್ಲಿ ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಏಳು, ಸರಿಯಾದ ಹೊತ್ತಿಗೆ ಕಟ್ಟಿದರೆ ಅದರಲ್ಲಿ ಮೂರು ಬಿಟ್ಟು ನಾಲ್ಕೇ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಬಡ್ಡಿಯೇ ಇಲ್ಲದ ಅಲ್ಪಾವಧಿ ಸಾಲ, 2023ರ ಬಜೆಟ್‌ನಲ್ಲಿ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದ್ದೂ ಆಯ್ತು. ಎಲ್ಲದಕ್ಕೂ ಒಂದೇ ಷರತ್ತು, ತಾರೀಖು ತಪ್ಪಬಾರದು.

ತಾರೀಖು ಹತ್ತಿರ ಬಂದಾಗ ಮಾಲು ಮಾರಿ ಬಂದ ದುಡ್ಡು ಖರ್ಚಾಗಿ ಹೋಗಿರುತ್ತೆ, ಇಲ್ಲಾ ದರ ಇಲ್ಲ ಅಂತ ತೊಗರಿ ಇನ್ನೂ ಮನೆಯಲ್ಲೇ ಇರುತ್ತೆ. ಆಗ ಕೈಗಡ. ಯಾರಾದರೂ ದುಡ್ಡಿದ್ದವರ ಹತ್ತಿರ ಎರಡು ಲಕ್ಷ ತಂದು ಬ್ಯಾಂಕಿಗೆ ಕಟ್ಟೋದು, ಹೊಸ ಸಾಲ ಕೈಗೆ ಬಂದ ದಿನ ಅದನ್ನೇ ಒಯ್ದು ಅವರಿಗೆ ಕೊಡೋದು. ಲೆಕ್ಕ ಹಾಕಿ ನೋಡಿ. ಎರಡು ಲಕ್ಷಕ್ಕೆ ಸರ್ಕಾರ ಬಿಡುವ ನೂರಕ್ಕೆ ಮೂರು ಅಂದ್ರೆ ವರ್ಷಕ್ಕೆ 6,000 ರೂಪಾಯಿ. ಕೈಗಡದ ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ಅಂತಿಟ್ಟುಕೊಂಡರೂ ತಿಂಗಳಿಗೆ 6,000. ಒಂದು ವರ್ಷ ಶಿಸ್ತಿನಿಂದ ಇದ್ದು ಗಳಿಸಿದ್ದು, ಲಿಮಿಟ್ ವಾಪಸ್ ಬರೋದು ಒಂದು ತಿಂಗಳು ತಡವಾದರೆ ಪೂರ್ತಿ ಹೋಯ್ತು. "ಎಂಟು ದಿನ ಆದ್ರೂ ತಿಂಗಳ ಬಡ್ಡಿ" ಅನ್ನುವ ಲೇವಾದೇವಿಯವರ ಹತ್ತಿರ ಎಂಟೇ ದಿನಕ್ಕೆ ಹೋಯ್ತು. ಸಾವುಕಾರನನ್ನು ಓಡಿಸೋದಕ್ಕೆ ಅಂತ ಬಂದ ಸಾಲದ ಎರಡು ಕಂತಿನ ಸಂದಿಯಲ್ಲಿ ಸಾವುಕಾರ ಆರಾಮಾಗಿ ಮನೆ ಮಾಡಿಕೊಂಡಿದ್ದಾನೆ. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಈ ಸಾಲ ಸರಿಯಾಗಿ ತೀರಿದ ಸಾಲ, ಯಾವ ಕಲೆಯೂ ಇಲ್ಲ.

ಇದೆಲ್ಲ ಆಗೋದೇ ಹೀಗೆ ಅನ್ನೋ ಮಾತಿಗೆ ನಮ್ಮೂರ ಹೆಂಗಸರ ಸಂಘಗಳೇ ಉತ್ತರ. ಮೈರಾಡ ಸಂಸ್ಥೆ 1980ರ ದಶಕದ ನಡುವೆ ಕರ್ನಾಟಕದಲ್ಲಿ ಬೆಳೆಸಿದ ಸ್ವಸಹಾಯ ಗುಂಪುಗಳ ಪದ್ಧತಿಯನ್ನು ನೋಡಿಯೇ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದ್ದು. ಅಲ್ಲಿ ವಾರದ ಸಭೆಯಲ್ಲಿ ಒಬ್ಬಾಕೆ ಕಟ್ಟಿದ ಕಂತು ಅದೇ ಚಾಪೆಯ ಮೇಲೆ, ಅದೇ ಗಂಟೆಯಲ್ಲಿ ಇನ್ನೊಬ್ಬಾಕೆಗೆ ಸಾಲವಾಗಿ ಹೋಗಬಹುದು. ಎಲ್ಲರ ಎದುರು ಎಣಿಕೆ, ಎಲ್ಲರ ಎದುರು ಬರವಣಿಗೆ. ಕಿರಾಣಿ ಅಂಗಡಿಯ ವೇಗ ಇದೆ, ಪುಸ್ತಕ ಮಾತ್ರ ಒಬ್ಬನ ಕೈಯಲ್ಲಿಲ್ಲ.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಬಂದರೆ ಖತಾವಣಿ ಬೇಗ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಮಂಜೂರಾತಿ ಸಭೆ ಯಾವಾಗ ಸೇರಬೇಕು ಅನ್ನೋದನ್ನು ಸಾಫ್ಟ್‌ವೇರ್ ಹೇಳೋದಿಲ್ಲ. ಆದರೆ ಹಳೆ ಸಾಲ ಜಮಾ ಆದ ತಾರೀಖು, ಹೊಸ ಸಾಲ ಕೈಗೆ ಬಂದ ತಾರೀಖು, ಎರಡೂ ಒಂದೇ ಕಡೆ ದಾಖಲಾಗುತ್ತವೆ. ಒಂದರಿಂದ ಇನ್ನೊಂದನ್ನು ಕಳೆದು, ಊರೂರಿನ ಪಟ್ಟಿ ಮಾಡಿ, ಸಂಘದ ಗೋಡೆಗೆ ಅಂಟಿಸೋದಕ್ಕೆ ಒಂದೇ ಸಾಲಿನ ಕ್ವೆರಿ ಸಾಕು. ಯಾರಾದರೂ ಕೇಳಿದರೆ ನಾನೇ ಬರೆದುಕೊಡ್ತೀನಿ.